ಬೌಲಿಂಗ್ ಯಂತ್ರ ಕೊಳ್ಳುವುದೋ, ಲೆದರ್ ಚೆಂಡು ಮತ್ತು ಚಾಪೆ ಕೊಳ್ಳುವುದೋ?

ಪ್ರಶ್ನೆ: ಸೀತಾಂಗೋಳಿ ಮಾಸ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕ. ಸಂಜೆಯ ಹೊತ್ತು ಊರಿನ ಕ್ಲಬ್ಬಿನ ಇಪ್ಪತ್ತು ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. ನಮ್ಮದು ಮುರಕಲ್ಲಿನ ಗುಡ್ಡೆಯ ಮೇಲಿನ ಮೈದಾನ. ಮಳೆಗಾಲದಲ್ಲಿ ಅಲ್ಲಿ ಆಟವಿಲ್ಲ, ಉಳಿದ ತಿಂಗಳುಗಳಲ್ಲಿ ಕೆಂಪು ಧೂಳು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಊರಿನ ಯುವಕರು ಈ ವರ್ಷ ಕ್ಲಬ್ಬಿಗೆಂದು ಒಂದಷ್ಟು ಹಣ ಒಟ್ಟುಮಾಡಿ ಕಳುಹಿಸಿದ್ದಾರೆ. ಸಮಿತಿಯ ಕಿರಿಯರು ಬೌಲಿಂಗ್ ಯಂತ್ರವೊಂದನ್ನು ತರಿಸೋಣ ಎನ್ನುತ್ತಾರೆ. ಹಿರಿಯರು, ಯಂತ್ರ ಬಂದ ಮೇಲೆ ಬೌಲಿಂಗ್ ಮಾಡುವ ಹುಡುಗರೇ ಇಲ್ಲದಂತಾಗುತ್ತದೆ, ಮೊದಲು ಒಳ್ಳೆಯ ಚೆಂಡು ಮತ್ತು ಚಾಪೆ ತನ್ನಿ ಎನ್ನುತ್ತಾರೆ.

ನನ್ನ ಚಿಂತೆ ಬೌಲಿಂಗ್ ಮಾಡುವ ಮಕ್ಕಳದ್ದು. ನಮ್ಮ ಕಡೆ ವರ್ಷವಿಡೀ ನಡೆಯುವುದು ಅಂಡರ್‌ಆರ್ಮ್ (ಕೈಯನ್ನು ಭುಜದ ಕೆಳಗಿನಿಂದಲೇ ಬೀಸಿ ಎಸೆಯುವ ಆಟ) ಮತ್ತು ಟೆನಿಸ್ ಬಾಲ್ ಪಂದ್ಯಾಟಗಳೇ ಎಂಬುದು ನಿಮಗೆಲ್ಲ ಗೊತ್ತಿದೆ. ಅದರಲ್ಲಿ ಪಳಗಿದ ಹುಡುಗ ಹದಿನಾಲ್ಕನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಲೆದರ್ ಚೆಂಡನ್ನು ಕೈಗೆ ತೆಗೆದುಕೊಂಡಾಗ, ಹೊಲಿಗೆಯ ಮೇಲೆ ಬೆರಳು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಅಂಗೈಯಲ್ಲಿ ಹಿಡಿದು ನಿಲ್ಲುತ್ತಾನೆ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಚೆಂಡು, ಅಂಗಣ (ಪಿಚ್), ಹೆಲ್ಮೆಟ್, ಕ್ಯಾಮೆರಾ, ಯಂತ್ರ ಎಲ್ಲವೂ ಬದಲಾಗಿವೆ. ಈ ಬದಲಾವಣೆಗಳಲ್ಲಿ ಯಾವುದು ನಿಜಕ್ಕೂ ಬೌಲಿಂಗಿನ ಕಲೆಯನ್ನೇ ಬದಲಿಸಿತು, ಯಾವುದು ಬ್ಯಾಟರುಗಳಿಗೆ ಮಾತ್ರ ನೆರವಾಯಿತು? ಇದು ಸ್ಪಷ್ಟವಾದರೆ ಹಣ ಎಲ್ಲಿ ಹಾಕಬೇಕೆಂಬುದೂ ಸ್ಪಷ್ಟವಾದೀತು. ಆಡಿ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಪೆರ್ಲದ ಹಳೆಯ ಆಟಗಾರ

ಮಾಸ್ಟ್ರೇ, ನಿಮ್ಮ ಸಮಿತಿಯ ಹಿರಿಯರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನಾವು 1970ರ ದಶಕದಲ್ಲಿ ಆಡಿದ್ದು ತೆಂಗಿನನಾರಿನ ಚಾಪೆಯ ಮೇಲೆ. ಕೇರಳದಲ್ಲಿ ಹುಲ್ಲಿನ ಅಂಗಣ ಅಪರೂಪವಾಗಿದ್ದ ಕಾಲವದು. ಆಲಪ್ಪುಳದ ಕಡೆಯಿಂದ ಬಂದ ಚಾಪೆಯನ್ನು ಸುಗ್ಗಿ ಕೊಯ್ಲಾದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಹಾಸಿ, ಸುತ್ತಲೂ ಕಬ್ಬಿಣದ ಗೂಟ ಬಡಿದರೆ ಅಂಗಣ ಸಿದ್ಧ. ಆ ಚಾಪೆ ಬೌಲರನಿಗೆ ಕಲಿಸಿದಷ್ಟನ್ನು ಬೇರೆ ಯಾವ ಗುರುವೂ ಕಲಿಸಲಾರ. ಬಿಗಿಯಾಗಿ ಎಳೆದು ಕಟ್ಟಿದ ದಿನ ಚೆಂಡು ಎದೆಯ ಮಟ್ಟಕ್ಕೆ ಪುಟಿದು ವೇಗವಾಗಿ ಸಾಗುತ್ತಿತ್ತು. ಸ್ವಲ್ಪ ಸಡಿಲ ಬಿಟ್ಟ ದಿನ ನಾರು ಚೆಂಡನ್ನು ಕಚ್ಚಿ ಹಿಡಿದು ತಿರುಗಿಸುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ನಾನು ಹೆಬ್ಬೆರಳಿನಿಂದ ಚಾಪೆಯನ್ನು ಒತ್ತಿ ನೋಡಿ, ಅಂದು ವೇಗಕ್ಕೆ ದುಡಿಯಬೇಕೋ ಕಟರ್ (ಬೆರಳಿನಿಂದ ತಿರುಚಿ, ನೆಲಕ್ಕೆ ಬಿದ್ದ ಮೇಲೆ ತಿರುಗುವಂತೆ ಮಾಡುವ ಎಸೆತ) ಎಸೆಯಬೇಕೋ ಎಂದು ನಿರ್ಧರಿಸುತ್ತಿದ್ದೆ. ಒರಟು ನಾರಿಗೆ ಉಜ್ಜಿ ಚೆಂಡಿನ ಹೊಳಪು ಬೇಗನೆ ಹೋಗುತ್ತಿದ್ದುದರಿಂದ ಸ್ವಿಂಗ್‌ನ, ಅಂದರೆ ಗಾಳಿಯಲ್ಲೇ ಚೆಂಡು ವಾಲುವುದರ, ಆಸೆ ಬಿಟ್ಟು ಬೆರಳುಗಳ ಶಕ್ತಿಯನ್ನೇ ನೆಚ್ಚಿಕೊಳ್ಳುವುದು ಅನಿವಾರ್ಯವಾಗಿತ್ತು.

ಚಾಪೆಯ ಮಹಿಮೆ ದೊಡ್ಡ ಆಟದಲ್ಲಿಯೂ ದಾಖಲಾಗಿದೆ. 1952ರಲ್ಲಿ ಲಖನೌದಲ್ಲಿ ಗೋಮತಿಯ ದಡದ ಮೈದಾನದಲ್ಲಿ ಸೆಣಬಿನ ಚಾಪೆಯ ಮೇಲೆ ಟೆಸ್ಟ್ ನಡೆದಾಗ ಪಾಕಿಸ್ತಾನದ ಫಜಲ್ ಮಹಮೂದ್ ತಮ್ಮ ಕಟರ್‌ಗಳಿಂದ 12 ಹುದ್ದರಿ (ವಿಕೆಟ್) ಉರುಳಿಸಿ ಭಾರತವನ್ನು ಸೋಲಿಸಿದರು; ಪಾಕಿಸ್ತಾನದ ಮೊದಲ ಟೆಸ್ಟ್ ಗೆಲುವು ಅದು. ಏಳು ವರ್ಷಗಳ ನಂತರ ಕಾನ್ಪುರದಲ್ಲಿ ಹೊಸದಾಗಿ ಸಿದ್ಧಪಡಿಸಿದ ಹುಲ್ಲಿನ ಅಂಗಣದಲ್ಲಿ ಜಸು ಪಟೇಲ್ ಒಂದೇ ಇನಿಂಗ್ಸಿನಲ್ಲಿ 69 ಓಟಕ್ಕೆ 9 ಹುದ್ದರಿ ಪಡೆದು ಆಸ್ಟ್ರೇಲಿಯಾವನ್ನು ಕೆಡವಿದರು. ಅಂಗಣದ ಗುಣ ಬದಲಾದ ಹಾಗೆ ಬೌಲರನೂ ಬದಲಾಗುತ್ತಿದ್ದ. ಈಗ ಮೈದಾನ ಯಾವ ದೇಶದ್ದಾದರೂ ಹೊದಿಕೆ ಹಾಕಿ, ರೋಲರ್ ಎಳೆದು, ಒಂದೇ ತೆರನಾಗಿ ಮಾಡಿಬಿಡುತ್ತಾರೆ. 1968ರಲ್ಲಿ ಲಂಡನ್ನಿನ ಓವಲ್‌ನಲ್ಲಿ ಮಳೆ ಬಂದು ಮೈದಾನ ತುಂಬಾ ನೀರು ನಿಂತಾಗ ಪ್ರೇಕ್ಷಕರೇ ಇಳಿದು ಒರೆಸಿ ಒಣಗಿಸಿದರು. ಆ ಒದ್ದೆ ಅಂಗಣದಲ್ಲಿ ಇಂಗ್ಲೆಂಡಿನ ಡೆರೆಕ್ ಅಂಡರ್‌ವುಡ್ 50 ಓಟಕ್ಕೆ 7 ಹುದ್ದರಿ ಕಿತ್ತರು. ಅಂತಹ ಬೌಲಿಂಗ್ ಇನ್ನು ಕಾಣಸಿಗದು.

1971ರ ಆಗಸ್ಟ್‌ನಲ್ಲಿ ಅದೇ ಓವಲ್‌ನಲ್ಲಿ ನಮ್ಮ ಸ್ಪಿನ್ನರ್ ಚಂದ್ರಶೇಖರ್ 38 ಓಟಕ್ಕೆ 6 ಹುದ್ದರಿ ಪಡೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ ಸಂಜೆ ನಾವು ಅಂಗಡಿಯೊಂದರ ರೇಡಿಯೊ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದೆವು. ಪೋಲಿಯೊದಿಂದ ಸೊರಗಿದ ಕೈಯನ್ನೇ ಅವರು ಅಸ್ತ್ರವಾಗಿ ಮಾಡಿಕೊಂಡರು. ಅವರ ಹಿಂದೆ ಯಾವ ಕ್ಯಾಮೆರಾ ಇತ್ತು, ಯಾವ ಯಂತ್ರ ಇತ್ತು? ಕ್ಯಾಮೆರಾ ಬಂದ ಮೇಲೆ ಬೌಲರನ ಗುಟ್ಟುಗಳೆಲ್ಲ ಎದುರಾಳಿಯ ಪರದೆಯ ಮೇಲೆ ಬಿಚ್ಚಿಕೊಂಡವು ಎಂದೇ ನನ್ನ ನಂಬಿಕೆ.

ಉತ್ತರ 2: ಮಂಜೇಶ್ವರ, ಭೌತಶಾಸ್ತ್ರ

ಹಿರಿಯರ ಅನುಭವಕ್ಕೆ ವಂದಿಸಿ, ನನಗೆ ತಿಳಿದ ಒಂದು ವಿಷಯವನ್ನಷ್ಟೇ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಬೌಲಿಂಗನ್ನು ಒಳಗಿನಿಂದ ಬದಲಿಸಿದ ಸಲಕರಣೆ ಚೆಂಡು. ಉಳಿದವೆಲ್ಲ ಅದರ ಸುತ್ತಮುತ್ತಲಿನವು.

ಮಾಸ್ಟ್ರ ಹುಡುಗರ ಗೊಂದಲಕ್ಕೆ ಮೊದಲ ಕಾರಣ ತೂಕ. ಟೆನಿಸ್ ಚೆಂಡಿನ ತೂಕ 56ರಿಂದ 59 ಗ್ರಾಂ. ಪುರುಷರ ಕ್ರಿಕೆಟ್ ಚೆಂಡಿನ ತೂಕ 155.9ರಿಂದ 163 ಗ್ರಾಂ. ಸುಮಾರು ಮೂರು ಪಟ್ಟು ಭಾರದ ವಸ್ತುವನ್ನು ಅದೇ ತೋಳಿನ ಬೀಸಿಗೆ ಒಪ್ಪಿಸಿದಾಗ ಭುಜಕ್ಕೂ ಮಣಿಕಟ್ಟಿಗೂ ಹೊಸ ಪಾಠವೇ ಬೇಕಾಗುತ್ತದೆ. ಎರಡನೆಯ ಕಾರಣ ಹೊಲಿಗೆ. ಟೆನಿಸ್ ಚೆಂಡಿನಲ್ಲಿ ಬೆರಳಿಗೆ ಎಡತಾಕುವ ಉಬ್ಬು ಇಲ್ಲ. ಲೆದರ್ ಚೆಂಡಿನಲ್ಲಿ ಆರು ಸಾಲು ದಾರದ ಉಬ್ಬೇ ಬೌಲರನ ಸಕಲ ಬಂಡವಾಳ.

ಚೆಂಡು ಗಾಳಿಯನ್ನು ಸೀಳಿ ಹೋಗುವಾಗ ಅದರ ಮೈಗೆ ಅಂಟಿಕೊಂಡು ಗಾಳಿಯ ತೆಳುವಾದ ಪದರವೊಂದು ಹರಿಯುತ್ತಿರುತ್ತದೆ. ಹೊಲಿಗೆಯನ್ನು ಸ್ಲಿಪ್ (ವಿಕೆಟ್ ಕೀಪರನ ಪಕ್ಕದ ಕ್ಷೇತ್ರರಕ್ಷಕನ ಜಾಗ) ಕಡೆಗೆ ತುಸು ಓರೆಯಾಗಿಟ್ಟು ಎಸೆದರೆ, ಆ ಬದಿಯ ಪದರ ಹೊಲಿಗೆಯನ್ನು ಎಡವಿ ಕದಡುತ್ತದೆ. ಕದಡಿದ ಪದರ ಚೆಂಡಿನ ಮೈಯನ್ನು ಬೇಗ ಬಿಡದೆ ಹಿಂಬದಿಯವರೆಗೂ ಹಿಡಿದುಕೊಂಡಿರುತ್ತದೆ. ಹೊಳಪಿನ ಬದಿಯ ಪದರ ಅದಕ್ಕಿಂತ ಮೊದಲೇ ಕಳಚಿಕೊಳ್ಳುತ್ತದೆ. ಈ ಅಸಮತೋಲನದಿಂದ ಚೆಂಡು ಹೊಲಿಗೆ ಮುಖ ಮಾಡಿದ ದಿಕ್ಕಿಗೇ ವಾಲುತ್ತದೆ. ಆಟಗಾರರು ಒಂದು ಬದಿಯನ್ನು ಪ್ಯಾಂಟಿಗೆ ಉಜ್ಜುತ್ತಾ ಕೂರುವುದು ಈ ವ್ಯತ್ಯಾಸವನ್ನು ಉಳಿಸಿಕೊಳ್ಳಲಿಕ್ಕೆ. ಚೆಂಡು ಹಳತಾಗಿ ಮೈ ಬಹಳ ಒರಟಾದಾಗ, ಬೌಲರನ ವೇಗವೂ ಹೆಚ್ಚಿದ್ದರೆ, ಎರಡೂ ಬದಿಯ ಪದರಗಳು ಹೊಲಿಗೆಯನ್ನು ಮುಟ್ಟುವ ಮೊದಲೇ ಕದಡಿರುತ್ತವೆ. ಆಗ ಹೊಲಿಗೆ ತನ್ನ ಬದಿಯ ಪದರವನ್ನು ಇನ್ನಷ್ಟು ದುರ್ಬಲಗೊಳಿಸುವುದರಿಂದ ಚೆಂಡು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇದೇ ರಿವರ್ಸ್ ಸ್ವಿಂಗ್. ಸರ್ಫರಾಜ್ ನವಾಜ್, ಅವರಿಂದ ಇಮ್ರಾನ್ ಖಾನ್, ಮುಂದೆ ವಾಸಿಂ ಅಕ್ರಂ ಮತ್ತು ವಕಾರ್ ಯೂನಿಸ್ ಬೆಳೆಸಿದ ಈ ವಿದ್ಯೆ ಒಣ ನೆಲದಲ್ಲಿ, ಸವೆದ ಚೆಂಡಿನಲ್ಲಿ ಹುಟ್ಟಿತು ಎಂಬುದನ್ನು ಗಮನಿಸಬೇಕು. ಚೆಂಡು ಸವೆಯಲು ಬಿಡದಿದ್ದರೆ ಈ ವಿದ್ಯೆಗೆ ಜಾಗವೇ ಇಲ್ಲ.

ಇತಿಹಾಸ ಹೋದದ್ದು ಅದೇ ದಿಕ್ಕಿಗೆ. 1977ರಲ್ಲಿ ಕೆರಿ ಪ್ಯಾಕರ್ ಅವರ ವಿಶ್ವ ಸರಣಿಯಲ್ಲಿ ರಾತ್ರಿ ಆಟಕ್ಕಾಗಿ ಬಿಳಿ ಚೆಂಡು ಬಂತು. ಬಿಳಿ ಚೆಂಡು ಮೊದಲ ಕೆಲವು ಓವರುಗಳಲ್ಲಿ ಸ್ವಿಂಗ್ ಆಗಿ ಆಮೇಲೆ ಸುಮ್ಮನಾಗುತ್ತದೆ, ಬೇಗ ಕೊಳೆಯಾಗುತ್ತದೆ. ಕೊಳೆಯಾದರೆ ಕಾಣುವುದಿಲ್ಲ ಎಂಬ ಕಾರಣಕ್ಕೆ 2011ರ ಅಕ್ಟೋಬರ್‌ನಿಂದ ಏಕದಿನ ಪಂದ್ಯಗಳಲ್ಲಿ ಎರಡೂ ತುದಿಗಳಿಂದ ಬೇರೆ ಬೇರೆ ಹೊಸ ಚೆಂಡು ಬಳಸತೊಡಗಿದರು. 50 ಓವರ್ ಮುಗಿದಾಗಲೂ ಒಂದೊಂದು ಚೆಂಡಿನ ವಯಸ್ಸು 25 ಓವರ್ ಮಾತ್ರ. ರಿವರ್ಸ್ ಸ್ವಿಂಗ್ ಏಕದಿನದಿಂದ ಬಹುತೇಕ ಮರೆಯಾಯಿತು. ಗಟ್ಟಿಯಾಗಿ ಉಳಿದ ಚೆಂಡನ್ನು ಬ್ಯಾಟರುಗಳು ಕೊನೆಯವರೆಗೂ ನಿರಾಯಾಸವಾಗಿ ಬಾರಿಸಿದರು. ಬೆರಳಿನಿಂದ ತಿರುಗಿಸುವ ಸ್ಪಿನ್ನರುಗಳಿಗೆ ಹಿಡಿತ ಸಿಗದಾಯಿತು. ಹದಿನಾಲ್ಕು ವರ್ಷಗಳ ನಂತರ, 2025ರ ಜುಲೈಯಿಂದ, 34 ಓವರುಗಳವರೆಗೆ ಎರಡು ಚೆಂಡು, ಆಮೇಲೆ ಅವುಗಳಲ್ಲಿ ಒಂದನ್ನೇ ಆರಿಸಿಕೊಂಡು ಎರಡೂ ತುದಿಯಿಂದ ಬಳಸಬೇಕೆಂದು ನಿಯಮ ತಿದ್ದಿದರು. ಇದು ಬೌಲರುಗಳಿಗೆ ತಡವಾಗಿ ಸಿಕ್ಕ ನ್ಯಾಯವೆಂದು ನಾನು ಭಾವಿಸುತ್ತೇನೆ. ಈ ನಡುವೆ 2020ರಲ್ಲಿ ಕೋವಿಡ್ ಕಾರಣದಿಂದ ಹೊಳಪಿಗಾಗಿ ಚೆಂಡಿಗೆ ಎಂಜಲು ಹಚ್ಚುವುದನ್ನು ನಿಲ್ಲಿಸಿ, 2022ರಲ್ಲಿ ಆ ನಿಷೇಧವನ್ನು ಅಂತರರಾಷ್ಟ್ರೀಯ ಪಂದ್ಯಗಳಿಗೆ ಕಾಯಂ ಮಾಡಿದರು; ಬೆವರು ಮಾತ್ರ ಉಳಿಯಿತು.

ಟೆಸ್ಟ್ ಪಂದ್ಯಗಳಲ್ಲಿಯೂ ಚೆಂಡೆಂದರೆ ಒಂದೇ ಚೆಂಡಲ್ಲ. ಇಂಗ್ಲೆಂಡಿನ ಡ್ಯೂಕ್ಸ್ ಮತ್ತು ಮೀರತ್ತಿನಲ್ಲಿ ತಯಾರಾಗುವ ಎಸ್‌ಜಿ ಚೆಂಡುಗಳನ್ನು ಪೂರ್ತಿಯಾಗಿ ಕೈಯಿಂದ ಹೊಲಿಯುತ್ತಾರೆ. ಉಬ್ಬು ಬಹಳ ಹೊತ್ತು ಎದ್ದು ನಿಲ್ಲುತ್ತದೆ. ಆಸ್ಟ್ರೇಲಿಯಾದ ಕೂಕಬುರಾದ ಹೊರಸಾಲುಗಳನ್ನು ಯಂತ್ರ ಹೊಲಿಯುತ್ತದೆ. ಅದರ ಹೊಲಿಗೆ ಬೇಗ ಕುಗ್ಗುತ್ತದೆ. ಭಾರತದಲ್ಲಿ ಬೆಳೆದ ಬೌಲರ್ ಆಸ್ಟ್ರೇಲಿಯಾಕ್ಕೆ ಹೋದಾಗ ತನ್ನ ಬೆರಳುಗಳಿಗೇ ಹೊಸದಾಗಿ ಕಲಿಸಬೇಕಾಗುವುದು ಇದರಿಂದ. 2015ರಲ್ಲಿ ಅಡಿಲೇಡ್‌ನಲ್ಲಿ ಮೊದಲ ಬಾರಿ ಟೆಸ್ಟ್‌ಗೆ ಬಂದು 2019ರಲ್ಲಿ ಈಡನ್ ಗಾರ್ಡನ್ಸ್‌ಗೂ ಬಂದ ಗುಲಾಬಿ ಚೆಂಡಿನ ಮೇಲೆ ಮೆರುಗು ದಪ್ಪವಾಗಿರುವುದರಿಂದ, ದೀಪದ ಬೆಳಕಿನಲ್ಲಿ ಅದು ಬ್ಯಾಟರುಗಳನ್ನು ಕಾಡುತ್ತದೆ.

ಇನ್ನು ಬೌಲಿಂಗ್ ಯಂತ್ರ. ವೇಗವಾಗಿ ತಿರುಗುವ ಎರಡು ಚಕ್ರಗಳ ನಡುವೆ ಚೆಂಡನ್ನು ಹಿಸುಕಿ ಎಸೆಯುವ ಸಾಧನವದು. ಸಾಮಾನ್ಯವಾಗಿ ಅದರಲ್ಲಿ ಬಳಸುವುದು ಗುಳಿಗಳಿರುವ ಪ್ಲಾಸ್ಟಿಕ್ ಚೆಂಡು. ಬ್ಯಾಟರನಿಗೆ ಒಂದೇ ಹೊಡೆತವನ್ನು ನೂರು ಬಾರಿ ಅಭ್ಯಾಸ ಮಾಡಲು ಅದು ಉಪಯುಕ್ತ. ಬೌಲರನಿಗೆ ಅದರಿಂದ ಕಲಿಯುವುದು ಏನೂ ಇಲ್ಲ. ಬ್ಯಾಟರನೂ ಬೌಲರನ ಮಣಿಕಟ್ಟನ್ನು ಓದುವ ಅಭ್ಯಾಸ ಕಳೆದುಕೊಳ್ಳುತ್ತಾನೆ.

ಉತ್ತರ 3: ಉಪ್ಪಳದ ವೇಗಿ

ನಾನು ಇಪ್ಪತ್ತೆರಡು ವರ್ಷದ ಬೌಲರ್. ಈಗ ಮಂಗಳೂರಿನಲ್ಲಿ ಓದುತ್ತಾ ಕ್ಲಬ್ ಪಂದ್ಯಗಳಲ್ಲಿ ಆಡುತ್ತಿದ್ದೇನೆ. ಕ್ಯಾಮೆರಾ ಬೌಲರನ ಗುಟ್ಟನ್ನು ಬಿಚ್ಚಿಡುತ್ತದೆ ಎಂದು ಹಿರಿಯರು ಬರೆದದ್ದನ್ನು ಗೌರವದಿಂದಲೇ ಒಪ್ಪಲಾರೆ, ಏಕೆಂದರೆ ನನ್ನ ಬೌಲಿಂಗನ್ನು ಉಳಿಸಿದ್ದೇ ಕ್ಯಾಮೆರಾ.

ಹದಿನೈದನೇ ವಯಸ್ಸಿನಲ್ಲಿ ತರಬೇತಿ ಕೇಂದ್ರವೊಂದರಲ್ಲಿ ಕಾಂಕ್ರೀಟ್ ಮೇಲೆ ಹಾಸಿದ ತೆಳುವಾದ ಕೃತಕ ಹಾಸಿನಲ್ಲಿ ಎರಡು ವರ್ಷ ಎಸೆದೆ. ದಿನಕ್ಕೆ ಎಷ್ಟು ಓವರ್ ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ, ನಾನೂ ಇಡಲಿಲ್ಲ. ವೇಗದ ಬೌಲರನ ಮುಂದಿನ ಪಾದ ನೆಲಕ್ಕೆ ಬೀಳುವಾಗ ದೇಹದ ತೂಕದ ಹಲವು ಪಟ್ಟು ಹೊರೆ ಕಾಲಿನ ಮೂಲಕ ಸೊಂಟಕ್ಕೆ ಏರುತ್ತದೆ ಎಂಬುದು ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟ ಮೇಲೆ ತಿಳಿಯಿತು. ಎಂಟು ತಿಂಗಳು ಆಟ ಬಿಟ್ಟು ಮನೆಯಲ್ಲಿ ಕುಳಿತೆ. ಅಡಕೆ ಸುಲಿಯಲು ಸಹ ಬಗ್ಗಿ ಕೂರಲಾಗುತ್ತಿರಲಿಲ್ಲ. ಮರಳಿ ಬಂದಾಗ ಗೆಳೆಯನೊಬ್ಬ ಮೊಬೈಲನ್ನು ಸೆಕೆಂಡಿಗೆ 240 ಚಿತ್ರ ತೆಗೆಯುವಂತೆ ಇಟ್ಟು ಪಕ್ಕದಿಂದಲೂ ಹಿಂದಿನಿಂದಲೂ ಚಿತ್ರೀಕರಿಸಿದ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಚಿಕೊಳ್ಳುತ್ತಿದ್ದುದು ಅಲ್ಲಿ ನಿಚ್ಚಳವಾಗಿ ಕಂಡಿತು. ಚೆಂಡು ಕೈಬಿಡುವಾಗ ಹೊಲಿಗೆ ನೇರವಾಗಿ ನಿಲ್ಲದೆ ಓಲಾಡುತ್ತಿದ್ದುದೂ ಕಂಡಿತು. ಬರಿಗಣ್ಣಿಗೆ ಇವೆರಡೂ ಕಾಣುವಂಥದ್ದಲ್ಲ. ಓಟವನ್ನು ಚಿಕ್ಕದು ಮಾಡಿ ಭುಜ ಮತ್ತು ಸೊಂಟವನ್ನು ಒಂದೇ ಸಾಲಿಗೆ ತರಲು ಆರು ತಿಂಗಳು ಹಿಡಿಯಿತು.

ಯಂತ್ರದ ಬದಲಿಗೆ ಇನ್ನೊಂದು ಸಲಹೆ ಇದೆ. ಉದ್ದನೆಯ ಹಿಡಿಕೆಯ ತುದಿಯಲ್ಲಿ ಬಟ್ಟಲಿರುವ ಸೈಡ್‌ಆರ್ಮ್ ಎಂಬ ಸಲಕರಣೆಯನ್ನು ನೀವು ನೋಡಿರಬಹುದು. ನಮ್ಮ ಕರಾವಳಿಯ ಕುಮಟಾದ ರಾಘವೇಂದ್ರ ಅದೇ ಸಲಕರಣೆಯಿಂದ 150 ಕಿ.ಮೀ. ಆಸುಪಾಸಿನ ವೇಗದಲ್ಲಿ ಚೆಂಡೆಸೆದು ಭಾರತ ತಂಡದ ಬ್ಯಾಟರುಗಳನ್ನು ವರ್ಷಗಟ್ಟಲೆ ತಯಾರು ಮಾಡಿದ್ದಾರೆ. ಬ್ಯಾಟಿಂಗ್ ಅಭ್ಯಾಸಕ್ಕೆ ಅದು ಸಾಕು. ನಿಜವಾದ ಲೆದರ್ ಚೆಂಡನ್ನೇ ಬಳಸಬಹುದು, ವಿದ್ಯುತ್ತೂ ಬೇಡ.

ಉತ್ತರ 4: ಕಾಸರಗೋಡಿನ ಅಂಪೈರ್

ಹೆಲ್ಮೆಟ್ ಬ್ಯಾಟರನನ್ನು ಕಾಪಾಡಿ ಬೌನ್ಸರಿನ ಭಯವನ್ನು ಕಡಿಮೆ ಮಾಡಿತು ಎಂಬುದು ನಿಜ. ಆದರೆ ಅದು ಬೌಲರನಿಗೂ ಒದಗಿದೆ. ಆ 1971ರ ಓವಲ್ ಪಂದ್ಯದಲ್ಲಿ ಏಕನಾಥ್ ಸೋಲ್ಕರ್ ಬರಿದಲೆಯಲ್ಲಿ ಶಾರ್ಟ್‌ಲೆಗ್‌ನಲ್ಲಿ (ಬ್ಯಾಟರನ ತೀರಾ ಹತ್ತಿರದ ಜಾಗ) ನಿಂತು ಮುಂದಕ್ಕೆ ಹಾರಿ ಕ್ಯಾಚ್ ಹಿಡಿದಿದ್ದರು. ಆ ಎದೆಗಾರಿಕೆ ಎಲ್ಲರಿಗೂ ಬರುವಂಥದ್ದಲ್ಲ. ಹೆಲ್ಮೆಟ್ ಬಂದ ಮೇಲೆ ಸ್ಪಿನ್ನರನಿಗೆ ಅಲ್ಲಿ ಸದಾ ಒಬ್ಬ ಕ್ಷೇತ್ರರಕ್ಷಕ ಸಿಗುವಂತಾಯಿತು. ನಮ್ಮ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದಾಗ ಹತ್ತನೆಯ ಕ್ಯಾಚ್ ಶಾರ್ಟ್‌ಲೆಗ್‌ನಲ್ಲಿದ್ದ ಲಕ್ಷ್ಮಣ್ ಕೈ ಸೇರಿತು. 2025ರ ಫೆಬ್ರವರಿಯಲ್ಲಿ ಅಹಮದಾಬಾದ್‌ನ ರಣಜಿ ಸೆಮಿಫೈನಲ್‌ನಲ್ಲಿ ಆದದ್ದಂತೂ ಈ ಜಿಲ್ಲೆಯವರು ಮರೆಯುವಂಥದ್ದಲ್ಲ. ನಮ್ಮ ಕಾಸರಗೋಡಿನ ಅಜರುದ್ದೀನ್ ಅವರ ಅಜೇಯ 177ರ ನೆರವಿನಿಂದ ಕೇರಳ 457 ಓಟ ಗಳಿಸಿತ್ತು. ಗುಜರಾತ್ 455ರಲ್ಲಿದ್ದಾಗ ಸರ್ವಟೆ ಎಸೆತವನ್ನು ನಾಗವಾಸವಾಲಾ ಬಲವಾಗಿ ಬಾರಿಸಿದರು. ಚೆಂಡು ಶಾರ್ಟ್‌ಲೆಗ್‌ನಲ್ಲಿದ್ದ ಸಲ್ಮಾನ್ ನಿಸಾರ್ ಅವರ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಚಿಮ್ಮಿ ಸ್ಲಿಪ್‌ನಲ್ಲಿದ್ದ ಸಚಿನ್ ಬೇಬಿ ಅವರ ಕೈಗೆ ಬಂತು. ಮೊದಲ ಇನಿಂಗ್ಸಿನ ಎರಡು ಓಟಗಳ ಮುನ್ನಡೆಯಿಂದ ಕೇರಳ ಮೊದಲ ಬಾರಿ ಫೈನಲ್ ತಲುಪಿತು. 2017ಕ್ಕಿಂತ ಮೊದಲಿನ ನಿಯಮದಲ್ಲಿ ಕ್ಷೇತ್ರರಕ್ಷಕನ ಹೆಲ್ಮೆಟ್ಟಿಗೆ ತಾಗಿ ಬಂದ ಚೆಂಡನ್ನು ಹಿಡಿದರೆ ಔಟ್ ಇರಲಿಲ್ಲ.

ಕ್ಯಾಮೆರಾದ ಬಗ್ಗೆ ನನ್ನ ಅನುಭವವೂ ಉಪ್ಪಳದ ಯುವಕನ ಪರವಾಗಿದೆ. ಎಲ್ಬಿಡಬ್ಲ್ಯು (ಗೂಟಕ್ಕೆ ಬಡಿಯಬೇಕಿದ್ದ ಚೆಂಡು ಕಾಲಿಗೆ ತಾಗಿದರೆ ಔಟ್) ತೀರ್ಪಿನಲ್ಲಿ ಮುಂದಿನ ಕಾಲನ್ನು ಚಾಚಿದ ಬ್ಯಾಟರನಿಗೆ ಸಂಶಯದ ಲಾಭ ಕೊಡಬೇಕೆಂಬುದು ನಾವೆಲ್ಲ ಕಲಿತ ಪಾಠವಾಗಿತ್ತು. 2001ರಲ್ಲಿ ದೂರದರ್ಶನ ಪ್ರಸಾರಕ್ಕೆ ಬಂದ, ಚೆಂಡಿನ ಹಾದಿಯನ್ನು ಲೆಕ್ಕಹಾಕಿ ತೋರಿಸುವ ಹಾಕ್-ಐ, ಆಮೇಲೆ ಬಂದ, ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ಡಿಆರ್‌ಎಸ್, ಅಂಥ ಎಷ್ಟೋ ಚೆಂಡುಗಳು ಗೂಟಕ್ಕೇ ಬಡಿಯುತ್ತಿದ್ದವು ಎಂದು ತೋರಿಸಿದವು. ಅಂಪೈರುಗಳ ಬೆರಳು ಏಳುವುದು ಹೆಚ್ಚಾಯಿತು, ಪ್ಯಾಡನ್ನು ಮುಂದಿಟ್ಟು ಆಡುವ ಪದ್ಧತಿ ಅಪಾಯಕಾರಿಯಾಯಿತು. ಡಿಆರ್‌ಎಸ್‌ನ ಮೊದಲ ಪ್ರಯೋಗ ನಡೆದ 2008ರ ಶ್ರೀಲಂಕಾ ಸರಣಿಯಲ್ಲಿ ಭಾರತದ ನಾಯಕ ಕುಂಬ್ಳೆಯವರೇ. ಅದೇ ವರ್ಷ ಅವರು 619 ವಿಕೆಟ್‌ಗಳೊಂದಿಗೆ ನಿವೃತ್ತರಾದರು. ಎಸೆಯುವಾಗ ಬೌಲರನ ಮಡಿದ ಮೊಣಕೈ ನೇರವಾಗಬಹುದಾದ ಮಿತಿಯನ್ನು ಎಲ್ಲರಿಗೂ 15 ಡಿಗ್ರಿಯೆಂದು 2005ರಲ್ಲಿ ನಿಗದಿಪಡಿಸಿದ್ದೂ ಅತಿವೇಗದ ಕ್ಯಾಮೆರಾಗಳು ತೋರಿಸಿಕೊಟ್ಟ ಸತ್ಯದ ಆಧಾರದಿಂದಲೇ.

ಉತ್ತರ 5: ಪೆರ್ಲದ ಹಳೆಯ ಆಟಗಾರ

ಎಲ್ಬಿಡಬ್ಲ್ಯು ವಿಷಯದಲ್ಲಿ ಅಂಪೈರರು ಬರೆದದ್ದು ಸರಿ. ನಾನು ಎಸೆದ ಎಷ್ಟೋ ಆಫ್‌ಕಟರುಗಳು ಮುಂಗಾಲಿಗೆ ಬಡಿದು ವ್ಯರ್ಥವಾದದ್ದು ಈಗಲೂ ನೆನಪಿಗೆ ಬಂದು ಮನಸ್ಸು ನೋಯುತ್ತದೆ. ಕ್ಯಾಮೆರಾದ ಬಗ್ಗೆ ಬರೆದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಉಪ್ಪಳದ ತಮ್ಮನ ಬೆನ್ನು ಪೂರ್ತಿ ಗುಣವಾಗಿದೆಯೆಂದು ಭಾವಿಸುತ್ತೇನೆ. ಮಕ್ಕಳನ್ನು ಕಾಂಕ್ರೀಟಿನ ಮೇಲೆ ಓಡಿಸಲೇಬೇಡಿ, ಮಾಸ್ಟ್ರೇ.

ಸೀತಾಂಗೋಳಿ ಮಾಸ್ಟ್ರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಇಷ್ಟನ್ನೂ ಮುದ್ರಿಸಿ ಭಾನುವಾರದ ಸಮಿತಿ ಸಭೆಯಲ್ಲಿ ಓದಿದೆ. ಯಂತ್ರವನ್ನು ಕೈಬಿಟ್ಟೆವು. ಕೈಹೊಲಿಗೆಯ ಲೆದರ್ ಚೆಂಡುಗಳು, ಎರಡು ಸೈಡ್‌ಆರ್ಮ್, ಮೊಬೈಲ್ ನಿಲ್ಲಿಸಲು ಒಂದು ಮುಕ್ಕಾಲಿ, ಒಂದು ತೆಂಗಿನನಾರಿನ ಚಾಪೆ ಎಂದು ತೀರ್ಮಾನವಾಯಿತು. ಪ್ರತಿಯೊಬ್ಬ ಬೌಲರ್ ದಿನಕ್ಕೆ ಎಷ್ಟು ಎಸೆತ ಹಾಕಿದನೆಂದು ಬರೆದಿಡಲು ಒಂದು ಪುಸ್ತಕವನ್ನೂ ಇಡುತ್ತಿದ್ದೇವೆ. ಹೊಸ ಚೆಂಡುಗಳಲ್ಲಿ ಕೆಲವನ್ನು ಹೊಳಪಾಗಿಯೇ ಉಳಿಸಿ, ಕೆಲವನ್ನು ಬೇಕೆಂದೇ ಮುರಕಲ್ಲಿನಲ್ಲಿ ಸವೆಸಿ, ಎರಡೂ ಬಗೆಯವನ್ನು ಮಕ್ಕಳ ಕೈಗೆ ಕೊಡಬೇಕೆಂದು ಆಲೋಚಿಸಿದ್ದೇನೆ. ಪೆರ್ಲದ ಹಿರಿಯರಲ್ಲಿ ಒಂದು ಪ್ರಶ್ನೆ ಉಳಿದಿದೆ: ಮುರಕಲ್ಲಿನ ನೆಲ ಉಬ್ಬುತಗ್ಗಾಗಿರುವುದರಿಂದ ಚಾಪೆಯನ್ನು ನೇರವಾಗಿ ಅದರ ಮೇಲೆ ಹಾಸಬಹುದೇ?

ಪೆರ್ಲದ ಹಳೆಯ ಆಟಗಾರ

ನೇರವಾಗಿ ಹಾಸಬಾರದು, ಚೆಂಡು ಎತ್ತಲೋ ಪುಟಿದು ಮಕ್ಕಳ ಮುಖಕ್ಕೆ ಬಡಿದೀತು. ಗದ್ದೆಯ ಜೇಡಿಮಣ್ಣನ್ನು ತಂದು, ಹುಡಿ ಮಾಡಿ, ಅರ್ಧ ಗೇಣು ದಪ್ಪಕ್ಕೆ ಹರಡಿ, ಸಂಜೆ ನೀರು ಚಿಮುಕಿಸಿ ಬೆಳಿಗ್ಗೆ ರೋಲರ್ ಎಳೆಯಬೇಕು. ಹೀಗೆ ಒಂದು ವಾರ. ಆಮೇಲೆ ಅಂಗಳಕ್ಕೆ ಸಾರಿಸುವ ಹಾಗೆ ತೆಳುವಾಗಿ ಸೆಗಣಿ ಸಾರಿಸಿ ಒಣಗಲು ಬಿಟ್ಟರೆ ಧೂಳೇಳುವುದಿಲ್ಲ. ಚಾಪೆಯನ್ನು ಮೊದಲು ಉದ್ದಕ್ಕೆ ಎಳೆದು ಎರಡು ತುದಿಗಳಲ್ಲಿ ಗೂಟ ಬಡಿಯಿರಿ, ಬದಿಗಳದ್ದು ಆಮೇಲೆ. ಬೌಲರ್ ಕಾಲೂರುವ ಜಾಗಕ್ಕೆ ಚಾಪೆಯ ಅಂಚು ಬರದಂತೆ ನೋಡಿಕೊಳ್ಳಿ, ಪಾದ ತೊಡರಿ ಬೀಳುವುದು ಅಲ್ಲೇ. ಮಣ್ಣು ತರುವ ದಿನ ತಿಳಿಸಿದರೆ ನಾನೂ ಬರುತ್ತೇನೆ.